ಚಪ್ಪಟೆ ಚಿತ್ರ ತಿರುಗಿದ ಕಥೆ

ದೂರದರ್ಶನದ ಪರದೆಯ ಮೇಲೆ ಒಂದು ಭಾವಚಿತ್ರ ಬಾಗಿಲಿನಂತೆ ತಿರುಗಿ ಮರೆಯಾಗುತ್ತದೆ. ಅದರ ಬೆನ್ನಿಗೇ ಇನ್ನೊಂದು ಚಿತ್ರ ಎದುರಾಗುತ್ತದೆ. ಪರದೆಗಾಗಲಿ ಚಿತ್ರಕ್ಕಾಗಲಿ ಆಳವೆಂಬುದಿಲ್ಲ. ಆದರೂ ಕಣ್ಣು ನಂಬುತ್ತದೆ. ಈ ನಂಬಿಕೆಯ ಹಿಂದೆ ಸುಮಾರು ಆರು ಶತಮಾನಗಳ ಇತಿಹಾಸವಿದೆ.

15ನೆಯ ಶತಮಾನದ ಆರಂಭದಲ್ಲಿ ಇಟಲಿಯ ಫ್ಲಾರೆನ್ಸ್ ನಗರದ ಬ್ರುನೆಲ್ಲೆಸ್ಕಿ, ಕಟ್ಟಡವೊಂದನ್ನು ಕಣ್ಣಿಗೆ ಕಂಡಂತೆಯೇ ಹಲಗೆಯ ಮೇಲೆ ಚಿತ್ರಿಸಿ ತೋರಿಸಿದ. 1435ರಲ್ಲಿ ಆಲ್ಬರ್ಟಿ ಅದರ ವಿಧಾನವನ್ನು ಬರೆದಿಟ್ಟ. ಅದರ ತಿರುಳು ಇಷ್ಟೆ: ದೂರ ಎರಡರಷ್ಟಾದರೆ ಕಾಣುವ ಅಳತೆ ಅರ್ಧವಾಗುತ್ತದೆ. ಎಂದರೆ, ಅಳತೆಯನ್ನು ದೂರದಿಂದ ಭಾಗಿಸಬೇಕು. 1827ರಲ್ಲಿ ಜರ್ಮನಿಯ ಗಣಿತಜ್ಞ ಮೋಬಿಯಸ್, ಸಮತಲದ ಬಿಂದುವನ್ನು ಎರಡರ ಬದಲು ಮೂರು ಸಂಖ್ಯೆಗಳಿಂದ ಗುರುತಿಸುವ ಕ್ರಮವನ್ನು ಪ್ರಕಟಿಸಿದ. ಈ ಬಗೆಯ ಗಣಿತವೇ ಮುಂದೆ ಕಂಪ್ಯೂಟರ್ ಚಿತ್ರಗಳಿಗೆ ಆಧಾರವಾಯಿತು.

ಆದರೆ ಲೆಕ್ಕ ಹಾಕಲು ಚಿತ್ರವೇ ಸಂಖ್ಯೆಯಾಗಬೇಕಲ್ಲವೆ? 1957ರಲ್ಲಿ ಅಮೆರಿಕದ ರಸೆಲ್ ಕಿರ್ಶ್ ತಮ್ಮ ಪುಟ್ಟ ಮಗನ ಛಾಯಾಚಿತ್ರವನ್ನು 176 × 176 ಚಿತ್ರಬಿಂದುಗಳಾಗಿ ಕಂಪ್ಯೂಟರಿಗೆ ಉಣಿಸಿದರು. 1974ರಲ್ಲಿ ಯೂಟಾ ವಿಶ್ವವಿದ್ಯಾನಿಲಯದ ಎಡ್ವಿನ್ ಕ್ಯಾಟ್ಮಲ್, ಇಂಥ ಚಿತ್ರವನ್ನು ಬಾಗಿದ ಮೇಲ್ಮೈಗೆ ಅಂಟಿಸುವ ವಿಧಾನವನ್ನು ತಮ್ಮ ಪ್ರಬಂಧದಲ್ಲಿ ವಿವರಿಸಿದರು.

ತಿರುಗಿಸುವ ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡೋಣ. 200 ಮಿಲಿಮೀಟರ್ ಅಗಲ, ಅಷ್ಟೇ ಎತ್ತರದ ಚಿತ್ರ ಕಣ್ಣಿನಿಂದ 300 ಮಿಲಿಮೀಟರ್ ದೂರದಲ್ಲಿದೆ. ಅದನ್ನು ನಡುವಿನ ಲಂಬರೇಖೆಯ ಸುತ್ತ 60 ಡಿಗ್ರಿ ತಿರುಗಿಸಿದರೆ ಬಲ ಅಂಚು ಸುಮಾರು 87 ಮಿಲಿಮೀಟರ್ ಹಿಂದೆ ಸರಿಯುತ್ತದೆ. ಎಡ ಅಂಚು ಅಷ್ಟೇ ಮುಂದೆ ಬರುತ್ತದೆ. ಭಾಗಿಸಿ ನೋಡಿದರೆ ಬಲ ಅಂಚಿನ ಎತ್ತರ ಸುಮಾರು 155, ಎಡ ಅಂಚಿನದು ಸುಮಾರು 281 ಆಗುತ್ತದೆ. ಅಗಲದಲ್ಲಿಯೂ ಎಡ ಅರ್ಧಕ್ಕೆ 70 ದೊರೆತರೆ ಬಲ ಅರ್ಧಕ್ಕೆ 39 ಮಾತ್ರ. ಈ ಭಾಗಾಕಾರವನ್ನು ಬಿಟ್ಟು ಬರಿಯ ಅಗಲವನ್ನು ಕುಗ್ಗಿಸಿದರೆ ಚಿತ್ರ ತಿರುಗಿದಂತೆ ಕಾಣದು, ಅದುಮಿದಂತೆ ಕಾಣುತ್ತದೆ.

ಇಲ್ಲಿ ಇನ್ನೊಂದು ಜಾಣ್ಮೆಯಿದೆ. ಹಳೆಯ ಬಿಂದುಗಳನ್ನು ಹೊಸ ಜಾಗಕ್ಕೆ ಸಾಗಿಸಿದರೆ ನಡುನಡುವೆ ತೂತುಗಳು ಉಳಿಯುತ್ತವೆ. ಆದ್ದರಿಂದ ಯಂತ್ರ ಹಿಂದುಮುಂದಾಗಿ ಕೆಲಸ ಮಾಡುತ್ತದೆ. ಪರದೆಯ ಪ್ರತಿ ಬಿಂದುವೂ ಮೂಲಚಿತ್ರದ ಎಲ್ಲಿಂದ ಬಂದಿರಬೇಕೆಂದು ಹುಡುಕಿ, ಅಲ್ಲಿಯ ಅಕ್ಕಪಕ್ಕದ ಬಣ್ಣಗಳನ್ನು ಬೆರೆಸಿ ತುಂಬುತ್ತದೆ.

ಭಾರತದಲ್ಲಿ ದೂರದರ್ಶನಕ್ಕೆ ಬಣ್ಣ ಬಂದ 1982ರಲ್ಲಿಯೇ ಸ್ಟುಡಿಯೋಗಳಿಗೆ ಅಂತರರಾಷ್ಟ್ರೀಯ ಡಿಜಿಟಲ್ ಮಾನದಂಡವೂ ರೂಪುಗೊಂಡಿತು. ನಮ್ಮ ಪದ್ಧತಿಯ ಒಂದು ಪೂರ್ಣ ಚಿತ್ರಕ್ಕೆ ಅದರಂತೆ 720 × 576 ಬಿಂದುಗಳು. ಸೆಕೆಂಡಿಗೆ 25 ಚಿತ್ರಗಳೆಂದರೆ ಒಂದು ಕೋಟಿಗೂ ಹೆಚ್ಚು ಬಿಂದುಗಳ ಲೆಕ್ಕ! ಅಂದಿನ ಸಾಮಾನ್ಯ ಕಂಪ್ಯೂಟರಿಗೆ ಇದು ಸಾಧ್ಯವಿರಲಿಲ್ಲ. ಬ್ರಿಟನ್ನಿನ ಕ್ವಾಂಟೆಲ್, ಅಮೆರಿಕದ ಆಂಪೆಕ್ಸ್ ಸಂಸ್ಥೆಗಳು 1980ರ ದಶಕದ ಆರಂಭದಲ್ಲಿ ಇದಕ್ಕೆಂದೇ ವಿಶೇಷ ಯಂತ್ರಗಳನ್ನು ತಯಾರಿಸಿದವು. ಇಂದು ಅಂಗೈಯಲ್ಲಿನ ಮೊಬೈಲ್ ಫೋನು ಅದೇ ಕೆಲಸವನ್ನು ಸಲೀಸಾಗಿ ಮಾಡುತ್ತದೆ.

ಹಾಗಾದರೆ ಎರಡನೆಯ ಚಿತ್ರ ಎಲ್ಲಿಂದ ಬಂತು? 90 ಡಿಗ್ರಿ ತಿರುಗಿದಾಗ ಮೊದಲ ಚಿತ್ರದ ಅಗಲ ಸೊನ್ನೆ. ಆ ಕ್ಷಣದಲ್ಲಿ ಚಿತ್ರವನ್ನು ಬದಲಿಸಲಾಗುತ್ತದೆ. ಹಾಗೆ ಬದಲಿಸದೆ ತಿರುಗಿಸುತ್ತ ಹೋದರೆ ಅದೇ ಭಾವಚಿತ್ರ ಎಡಬಲ ಅದಲುಬದಲಾಗಿ ಕಂಡೀತೇ ಹೊರತು ಆ ವ್ಯಕ್ತಿಯ ಬೆನ್ನು ಕಾಣದು. ಕ್ಯಾಮರಾ ಕಾಣದಿದ್ದುದನ್ನು ಗಣಿತ ತೋರಿಸಲಾರದು. ಪರದೆಯ ಮೇಲೆ ಕಂಡದ್ದರಲ್ಲಿ ಕ್ಯಾಮರಾ ನೋಡಿದ್ದೆಷ್ಟು, ಲೆಕ್ಕ ಕಟ್ಟಿದ್ದೆಷ್ಟು ಎಂದು ಕೇಳುವ ಅಭ್ಯಾಸ ವಿದ್ಯಾರ್ಥಿಗಳಿಗೆ ಒಳ್ಳೆಯದು. ಒಂದು ಅಂಚೆ ಕಾರ್ಡನ್ನು ಕಣ್ಣಿನ ಮುಂದೆ ಹಿಡಿದು, ಒಂದು ಕಣ್ಣು ಮುಚ್ಚಿ, ನಿಧಾನವಾಗಿ ತಿರುಗಿಸಿ ನೋಡಿ. ಆಲ್ಬರ್ಟಿ ಹೇಳಿದ ಭಾಗಾಕಾರ ಅದರ ಅಂಚುಗಳಲ್ಲಿಯೇ ಕಾಣುತ್ತದೆ.