ಗೋಡೆಯಾಚೆಯ ಒರಳು: ನೆಲದ ಅದುರಿಗೆ ಮಿತಿ ಬಂದ ಬಗೆ



ಗುಡ್ಡದಾಚೆಯ ಕಲ್ಲುಕೋರೆಯಲ್ಲಿ ಮದ್ದು ಸಿಡಿದಾಗ ಅಡುಗೆಮನೆಯ ಕಪಾಟಿನಲ್ಲಿ ಲೋಟಗಳು ಒಂದಕ್ಕೊಂದು ತಾಗುವುದನ್ನು ನಿಮ್ಮಲ್ಲಿ ಅನೇಕರು ಕೇಳಿದ್ದೀರಿ. ಸೊಲ್ಲಾಪುರದ ಕಡೆಯವರಿಗೆ ಪಕ್ಕದ ಮನೆಯ ವಿದ್ಯುತ್ ಮಗ್ಗ ಓಡುವಾಗ ಹಾಸಿದ ಚಾಪೆಯ ಅಡಿಯಲ್ಲೂ ಅದು ಗೊತ್ತಾಗುತ್ತದೆ. ಸದ್ದು ಬೇರೆ, ಅದುರು ಬೇರೆ. ಸದ್ದು ಬಂದರೆ ಕಿಟಕಿ ಮುಚ್ಚಬಹುದು. ಅದುರು ಅಡಿಪಾಯದಿಂದಲೇ ಒಳಗೆ ಬರುತ್ತದೆ, ಅದಕ್ಕೆ ಮುಚ್ಚುವ ಬಾಗಿಲಿಲ್ಲ.

ಒಬ್ಬನ ಕಸುಬು ಇನ್ನೊಬ್ಬನ ಮನೆಗೋಡೆಯನ್ನು ಎಷ್ಟರ ಮಟ್ಟಿಗೆ ಅಲುಗಿಸಬಹುದು? ಈ ಪ್ರಶ್ನೆಗೆ ಆರು ನೂರು ವರ್ಷಗಳಿಗೂ ಮಿಕ್ಕಿದ ಇತಿಹಾಸವಿದೆ. ಮೊದಲು ಜಗಳವಾಗಿ, ಆಮೇಲೆ ತೀರ್ಪಾಗಿ, ಕೊನೆಗೆ ಅಳತೆಯಾಗಿ ಅದು ನಮ್ಮ ಊರಿನ ತನಕ ಬಂದಿದೆ. ಇಂದಿನ ಮಾತು ಆ ದಾರಿಯ ಬಗ್ಗೆ.

ಹದಿನಾಲ್ಕನೆಯ ಶತಮಾನದ ಲಂಡನ್ ನಗರದಲ್ಲಿ ನೆರೆಹೊರೆಯವರ ಇಂಥ ತಕರಾರುಗಳನ್ನು ವಿಚಾರಿಸಲೆಂದೇ ನಗರಸಭೆಯ ಒಂದು ನ್ಯಾಯಪೀಠವಿತ್ತು. ಅದರ ದಾಖಲೆಗಳು ಇಂದಿಗೂ ಉಳಿದಿವೆ. 1370ರ ದಶಕದಲ್ಲಿ ಗಂಡ ಹೆಂಡತಿ ಇಬ್ಬರು ಅಲ್ಲಿಗೆ ಒಂದು ದೂರು ತಂದರು. ಪಕ್ಕದ ಮನೆಯವನು ಸ್ಟೀಫನ್ ಎಂಬ ಕವಚಗಾರ. ಯೋಧರ ಎದೆಗವಚ, ಕಾಲ್ಗವಚಗಳನ್ನು ಬಡಿದು ಮಾಡುವುದು ಅವನ ಕಸುಬು. ಅವನ ದೊಡ್ಡ ಸುತ್ತಿಗೆಯ ಪೆಟ್ಟಿಗೆ ತಮ್ಮ ಕಲ್ಲುಮಣ್ಣಿನ ಗೋಡೆಗಳು ಅದುರಿ ಬೀಳುವ ಹಾಗಾಗಿವೆ, ಹಗಲು ರಾತ್ರಿ ತಮಗೂ ಆಳುಗಳಿಗೂ ನೆಮ್ಮದಿಯಿಲ್ಲ, ನೆಲಮಾಳಿಗೆಯಲ್ಲಿಟ್ಟ ಮದ್ಯವೂ ಕೆಡುತ್ತಿದೆ, ಕುಲುಮೆಯ ಕಲ್ಲಿದ್ದಲ ಹೊಗೆ ಮನೆಯೊಳಗೆ ನುಗ್ಗುತ್ತಿದೆ ಎಂಬುದು ದೂರಿನ ಸಾರ.

ಕವಚಗಾರ ಕೊಟ್ಟ ಉತ್ತರವನ್ನೂ ಕೇಳಿ. ಅಕ್ಕಸಾಲಿಗನಾಗಲಿ, ಕಮ್ಮಾರನಾಗಲಿ, ಕವಚಗಾರನಾಗಲಿ, ಮರ್ಯಾದಸ್ಥನಾದ ಯಾವ ಕಸುಬುದಾರನೂ ಈ ನಗರದಲ್ಲಿ ಎಲ್ಲಿ ಬೇಕಾದರೂ ಕೆಲಸ ಮಾಡಬಹುದು, ಅದು ಹಿಂದಿನಿಂದ ಬಂದ ರೂಢಿ ಎಂದ. ಒಂದು ಕಡೆ ಗೋಡೆ, ಇನ್ನೊಂದು ಕಡೆ ಹೊಟ್ಟೆಪಾಡು. ಇವತ್ತು ನಮ್ಮ ಪಂಚಾಯತಿಯ ಜಗಲಿಯಲ್ಲಿ ನಡೆಯುವ ವಾದವೂ ಇದೇ ಅಲ್ಲವೇ?

ಅಲ್ಲಿಂದ ಐದು ಶತಮಾನ ದಾಟಿ ಅದೇ ಲಂಡನ್‌ನ ವಿಗ್‌ಮೋರ್ ಬೀದಿಗೆ ಬರೋಣ. ಅಲ್ಲಿ ಬ್ರಿಡ್ಜ್‌ಮನ್ ಎಂಬ ಮಿಠಾಯಿಗಾರನ ಅಂಗಡಿ. ಹಿಂಬದಿಯ ಅಡುಗೆಮನೆಯಲ್ಲಿ ಎರಡು ದೊಡ್ಡ ಒರಳುಗಳನ್ನು ಇಟ್ಟಿಗೆಯಲ್ಲಿ ಕಟ್ಟಿ ನೆರೆಯವರ ಗೋಡೆಗೆ ತಾಗಿಸಿ ನಿಲ್ಲಿಸಿದ್ದರು. ಗಟ್ಟಿ ಸಕ್ಕರೆಯನ್ನೂ ಮಾಂಸವನ್ನೂ ಕುಟ್ಟಲು ಮರದ ದೊಡ್ಡ ಒನಕೆಗಳಿದ್ದವು. ಒಂದು ಒರಳಿಗೆ ಅರುವತ್ತು ವರ್ಷ ದಾಟಿತ್ತು, ಇನ್ನೊಂದಕ್ಕೆ ಇಪ್ಪತ್ತಾರು. ಅಷ್ಟು ವರ್ಷ ಯಾರೂ ತಕರಾರು ಎತ್ತಿರಲಿಲ್ಲ, ಏಕೆಂದರೆ ಗೋಡೆಯಾಚೆ ಇದ್ದದ್ದು ಬರೀ ತೋಟ.

ಆ ತೋಟ ಡಾಕ್ಟರ್ ಸ್ಟರ್ಜಸ್ ಎಂಬ ವೈದ್ಯರದು. 1873ರಲ್ಲಿ ಅವರು ತೋಟದ ತುದಿಯಲ್ಲಿ, ಒರಳುಗಳ ಗೋಡೆಗೆ ಒತ್ತಾಗಿ, ರೋಗಿಗಳನ್ನು ನೋಡುವ ಕೋಣೆ ಕಟ್ಟಿಸಿದರು. ಅಂದಿನಿಂದ ಕಷ್ಟ ಶುರುವಾಯಿತು. ರೋಗಿಯ ಎದೆಯ ಬಡಿತ ಕೇಳಲು ಕಿವಿಗೊಟ್ಟರೆ ಒನಕೆಯ ಬಡಿತ ಕೇಳುತ್ತಿತ್ತು. ಗಮನವಿಟ್ಟು ಮಾಡಬೇಕಾದ ಯಾವ ಕೆಲಸವೂ ಸಾಗುತ್ತಿರಲಿಲ್ಲ. ವೈದ್ಯರು ಕೋರ್ಟಿಗೆ ಹೋದರು.

ಮಿಠಾಯಿಗಾರನ ವಾದ ಗಟ್ಟಿಯಾಗಿಯೇ ಇತ್ತು: ಮೊದಲು ಬಂದವನು ನಾನು, ಇಪ್ಪತ್ತು ವರ್ಷ ಅಡ್ಡಿಯಿಲ್ಲದೆ ನಡೆದುಬಂದದ್ದು ಹಕ್ಕಾಗುತ್ತದೆ. 1879ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಕೋಣೆ ಕಟ್ಟುವವರೆಗೆ ಆ ಅದುರು ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ತೊಂದರೆಯಿಲ್ಲದಾಗ ತಡೆಯಲು ವೈದ್ಯರಿಗೆ ದಾರಿಯೂ ಇರಲಿಲ್ಲ. ಆದ್ದರಿಂದ ಇಪ್ಪತ್ತು ವರ್ಷದ ಎಣಿಕೆ ಕೋಣೆ ಕಟ್ಟಿದ ಮೇಲೆಯೇ ಶುರುವಾಗಬೇಕು ಎಂದಿತು ಪೀಠ. ಒರಳಿಗೆ ತಡೆಯಾಜ್ಞೆ ಬಂತು. ಯಾವುದು ಉಪದ್ರವ ಎಂಬುದನ್ನು ಆಯಾ ಬಡಾವಣೆಯ ಸ್ವಭಾವ ನೋಡಿ ತೀರ್ಮಾನಿಸಬೇಕೆಂಬ ಮಾತೂ ಆ ತೀರ್ಪಿನಲ್ಲಿದೆ.

“ಮೊದಲು ಕೋರೆ ಬಂತು, ಆಮೇಲೆ ನಿಮ್ಮ ಮನೆ ಬಂತು” ಎಂಬ ಮಾತು ನಮ್ಮಲ್ಲೂ ಕೇಳಿಬರುತ್ತದೆ. ಮೊದಲು ಬಂದದ್ದೊಂದರಿಂದಲೇ ಹಕ್ಕು ಹುಟ್ಟುವುದಿಲ್ಲ ಎಂದು ತೋರಿಸಿಕೊಟ್ಟದ್ದು ಈ ಒರಳಿನ ಮೊಕದ್ದಮೆ. ಹಾಗೆಂದು ಮಿಠಾಯಿಗಾರನನ್ನು ದುಷ್ಟನೆನ್ನಲು ಬರುವುದಿಲ್ಲ. ರೊನಾಲ್ಡ್ ಕೋಸ್ ಎಂಬ ಅರ್ಥಶಾಸ್ತ್ರಜ್ಞರು 1960ರಲ್ಲಿ ಬರೆದ ಹೆಸರಾಂತ ಲೇಖನದಲ್ಲಿ ಇದೇ ಮೊಕದ್ದಮೆಯನ್ನು ಚರ್ಚಿಸಿದರು. ಒರಳು ನಿಂತರೆ ಒಬ್ಬನಿಗೆ ನಷ್ಟ, ನಿಲ್ಲದಿದ್ದರೆ ಇನ್ನೊಬ್ಬನಿಗೆ ನಷ್ಟ, ಎರಡನ್ನೂ ತೂಗಿ ನೋಡಬೇಕು ಎಂಬುದು ಅವರ ವಾದ. 1991ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಆದರೆ ಕೋರ್ಟಿನ ದಾರಿಗೆ ದೊಡ್ಡದೊಂದು ಕೊರತೆಯಿದೆ. ಗೋಡೆ ಬಿರಿದ ಮೇಲೆ ಹೋಗಬೇಕು, ಕೈಯಲ್ಲಿ ದುಡ್ಡು ಇರಬೇಕು. ಬಿರಿಯುವ ಮೊದಲೇ ಮಿತಿ ಹಾಕುವ ಕೆಲಸವನ್ನು ಇಪ್ಪತ್ತನೆಯ ಶತಮಾನದಲ್ಲಿ ಸ್ಥಳೀಯ ಆಡಳಿತಗಳು ಕೈಗೆತ್ತಿಕೊಂಡವು. ಅಮೆರಿಕದ ಊರುಗಳ ಹಳೆಯ ನಿಯಮಗಳಲ್ಲಿ, ಕಾರ್ಖಾನೆಯ ಗಡಿಯಾಚೆ ನಿಂತ ಮನುಷ್ಯನಿಗೆ ಉಪಕರಣವಿಲ್ಲದೆ ಗೊತ್ತಾಗುವಷ್ಟು ಅದುರು ಇರಬಾರದು ಎಂಬಂಥ ಮಾತುಗಳಿದ್ದವು. ಕೇಳಲು ಸರಳ, ಆದರೆ ಒಬ್ಬನಿಗೆ ಗೊತ್ತಾದದ್ದು ಇನ್ನೊಬ್ಬನಿಗೆ ಗೊತ್ತಾಗುವುದಿಲ್ಲ. ಮಾತಿನ ಬದಲು ಅಳತೆ ಇರಲಿ ಎಂದು ಡೆನಿಸ್ ಓಹ್ಯಾರೋ ಎಂಬ ನಗರ ಯೋಜಕರು 1951ರಲ್ಲಿ ವಾದಿಸಿದರು. ನ್ಯೂಯಾರ್ಕ್ ನಗರ 1961ರ ತನ್ನ ವಲಯ ನಿಯಮಗಳಲ್ಲಿ ಕೈಗಾರಿಕೆಗಳ ಅದುರಿಗೆ ಸಂಖ್ಯೆಯಲ್ಲೇ ಮಿತಿ ಹಾಕಿತು.

ಅದುರನ್ನು ಅಳೆಯುವುದು ಹೇಗೆ? ಕೆರೆಗೆ ಕಲ್ಲು ಹಾಕಿ ನೋಡಿ. ಅಲೆ ದಡದ ತನಕ ಹೋಗುತ್ತದೆ, ನೀರ ಮೇಲಿನ ತರಗೆಲೆ ಮಾತ್ರ ಇದ್ದಲ್ಲೇ ಏಳುತ್ತದೆ, ಇಳಿಯುತ್ತದೆ. ಮಣ್ಣಿನ ಕಣಗಳದೂ ಅದೇ ಪಾಡು. ಎಲೆ ಎಷ್ಟು ವೇಗವಾಗಿ ಏಳುತ್ತದೆ ಎಂಬಂತೆ, ಕಣ ಸೆಕೆಂಡಿಗೆ ಎಷ್ಟು ಮಿಲಿಮೀಟರ್ ವೇಗದಲ್ಲಿ ಅಲುಗಿತು ಎಂಬುದನ್ನು ಮನೆಯ ಬಳಿ ಇಟ್ಟ ಉಪಕರಣ ದಾಖಲಿಸುತ್ತದೆ. ಅಮೆರಿಕದ ಗಣಿ ಇಲಾಖೆ ವರ್ಷಗಟ್ಟಲೆ ಮನೆಗಳಲ್ಲಿ ಪರೀಕ್ಷೆ ನಡೆಸಿ, 1971ರಲ್ಲಿ ಸೆಕೆಂಡಿಗೆ ಸುಮಾರು 50 ಮಿಲಿಮೀಟರ್ ತನಕ ಅಪಾಯವಿಲ್ಲ ಎಂದಿತ್ತು. 1980ರಲ್ಲಿ ಅದೇ ಇಲಾಖೆ ತನ್ನ ಮಾತನ್ನು ತಿದ್ದಿಕೊಂಡು, ನಿಧಾನವಾದ ಅದುರಿಗೆ ಹೊಸ ಬಗೆಯ ಮನೆಗಳಲ್ಲಿ 19 ಮಿಲಿಮೀಟರ್, ಹಳೆಯ ಗಾರೆಗೋಡೆಯ ಮನೆಗಳಲ್ಲಿ 13 ಮಿಲಿಮೀಟರಿನ ಆಸುಪಾಸು ಸಾಕು ಎಂದಿತು. ಕಾರಣ ಉಯ್ಯಾಲೆ ತೂಗಿದವರಿಗೆಲ್ಲ ಗೊತ್ತು. ಉಯ್ಯಾಲೆಯ ಲಯಕ್ಕೆ ಸರಿಯಾಗಿ ತಳ್ಳಿದರೆ ಸಣ್ಣ ಕೈಯೂ ಅದನ್ನು ಎತ್ತರಕ್ಕೆ ಒಯ್ಯುತ್ತದೆ. ಮನೆಗೂ ತನ್ನದೇ ಆದ ನಿಧಾನದ ಲಯವಿದೆ.

ಊರಿನ ಆಡಳಿತಕ್ಕೇ ಹೆಚ್ಚು ಅಧಿಕಾರ ಕೊಟ್ಟ ಉದಾಹರಣೆ ಜಪಾನ್. ಅಲ್ಲಿ ಮನೆಗಳ ನಡುವೆಯೇ ಸಣ್ಣ ಕಾರ್ಖಾನೆಗಳು. 1967ರ ಮಾಲಿನ್ಯ ಕಾನೂನು ಗಾಳಿ, ನೀರು, ಸದ್ದುಗಳ ಜೊತೆಗೆ ಅದುರನ್ನೂ ಮಾಲಿನ್ಯವೆಂದೇ ಹೆಸರಿಸಿತು. 1976ರಲ್ಲಿ ಅದುರಿಗಾಗಿಯೇ ಬೇರೆ ಕಾನೂನು ಬಂತು. ಪ್ರಾಂತದ ಗವರ್ನರ್ ಪ್ರದೇಶಗಳನ್ನು ಗುರುತಿಸಿ, ಹಗಲಿಗೊಂದು ರಾತ್ರಿಗೊಂದು ಮಿತಿ ನಿಗದಿ ಮಾಡಬೇಕೆಂದು ಆಗ ಆ ಕಾನೂನು ಹೇಳಿತು. ಕಬ್ಬಿಣದ ಪ್ರೆಸ್ಸು, ಕಲ್ಲು ಪುಡಿ ಮಾಡುವ ಯಂತ್ರ, ಮುದ್ರಣಯಂತ್ರ ಕೂರಿಸುವವರು 30 ದಿನ ಮೊದಲೇ ಊರಿನ ಮೇಯರರಿಗೆ ತಿಳಿಸಬೇಕು. ಮಿತಿ ಮೀರಿ ನೆರೆಯವರಿಗೆ ತೊಂದರೆಯಾದರೆ ಸರಿಪಡಿಸಿ ಎಂದು ಮೇಯರರು ಹೇಳಬಹುದು, ಕೇಳದಿದ್ದರೆ ಆಜ್ಞೆ ಹೊರಡಿಸಬಹುದು. ಸೊಲ್ಲಾಪುರದ ಶ್ರೋತೃಗಳು ಗಮನಿಸಿ, ಆ ಯಂತ್ರಗಳ ಪಟ್ಟಿಯಲ್ಲಿ ವಿದ್ಯುತ್ ಮಗ್ಗವೂ ಇದೆ.

ಇನ್ನು ನಮ್ಮ ದೇಶ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯ 1997ರಲ್ಲಿ ತನ್ನ 7ನೆಯ ತಾಂತ್ರಿಕ ಸುತ್ತೋಲೆ ಹೊರಡಿಸಿತು. ಗಣಿ ಮಾಲೀಕರದಲ್ಲದ ವಾಸದ ಮನೆಗಳ ಬಳಿ ಸಿಡಿತದ ಅದುರು ಎಷ್ಟಿರಬಹುದು ಎಂದು ಅದು ಹೇಳುತ್ತದೆ. ಸೆಕೆಂಡಿಗೆ 8 ಕಂಪನಕ್ಕಿಂತ ಕಡಿಮೆಯಿರುವ ನಿಧಾನದ ಅದುರಿಗೆ 5 ಮಿಲಿಮೀಟರ್, 8ರಿಂದ 25 ಕಂಪನದ ತನಕ 10, ಅದಕ್ಕಿಂತ ಮೇಲೆ 15. ಪುರಾತನ ಕಟ್ಟಡಗಳಿಗೆ ಇನ್ನೂ ಬಿಗಿ: 2, 5 ಮತ್ತು 10. ಸುತ್ತೋಲೆ ಕಚ್ಚಾ ಮನೆಯನ್ನೂ ಹೆಸರಿಸಿಯೇ ಲೆಕ್ಕಕ್ಕೆ ಹಿಡಿದಿದೆ. ಮಣ್ಣಿನ ಗೋಡೆ ಎಂದು ಯಾರೂ ತಳ್ಳಿಹಾಕುವಂತಿಲ್ಲ.

ರಾಜ್ಯಗಳ ನಿಯಮಗಳು ಅದುರಿಗಿಂತ ದೂರವನ್ನು ಹಿಡಿದಿವೆ. ಗಡಿಯಲ್ಲಿರುವ ನಮಗೆ ತೊಡಕಾಗುವುದು ಇಲ್ಲಿಯೇ. ಹೊಸೂರು, ತಾಳವಾಡಿಯ ಕಡೆಗೆ ಅನ್ವಯಿಸುವ ತಮಿಳುನಾಡಿನ 1959ರ ಉಪಖನಿಜ ನಿಯಮಗಳ 36ನೆಯ ನಿಯಮದಂತೆ ಜನವಸತಿಯಿಂದ 300 ಮೀಟರಿನೊಳಗೆ ಕಲ್ಲುಗಣಿಗೆ ಗುತ್ತಿಗೆ ಇಲ್ಲ. ಆದರೆ ಜನವಸತಿ ಎಂದರೆ ಕಂದಾಯ ದಾಖಲೆಯಲ್ಲಿರುವ ಅಥವಾ ಮಂಜೂರಾದ ನಿವೇಶನ. ಹೊಲದ ನಡುವೆ ದಾಖಲೆಯಿಲ್ಲದೆ ಕಟ್ಟಿಕೊಂಡ ಮನೆಗೆ ಈ ರಕ್ಷಣೆ ಸುಲಭವಾಗಿ ಸಿಗುವುದಿಲ್ಲ. ಕೇರಳದಲ್ಲಿ 100 ಮೀಟರ್ ಇದ್ದದ್ದು 2017ರ ತಿದ್ದುಪಡಿಯಲ್ಲಿ 50ಕ್ಕೆ ಇಳಿಯಿತು. ಪಾಲಕ್ಕಾಡಿನ ಜನರ ಅಹವಾಲಿನ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜುಲೈಯಲ್ಲಿ, ಮದ್ದು ಸಿಡಿಸುವ ಕೋರೆ 200 ಮೀಟರ್, ಸಿಡಿಸದ ಕೋರೆ 100 ಮೀಟರ್ ದೂರವಿರಲಿ ಎಂದಿತು. ಆ ವಿವಾದ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಏರಿತು.

ಒಂದೇ ಕರಿಗಲ್ಲು, ಒಂದೇ ಮದ್ದು, ಆದರೆ ಗಡಿಕಲ್ಲು ದಾಟಿದರೆ ದೂರದ ಲೆಕ್ಕ ಬೇರೆ! ಅದುರಿಗೆ ಗಡಿಕಲ್ಲು ಗೊತ್ತಿಲ್ಲ. ಒಮ್ಮೆಗೆ ಎಷ್ಟು ಮದ್ದು ಸಿಡಿಯಿತು, ಮನೆ ಎಷ್ಟು ದೂರ, ನಡುವೆ ಇರುವುದು ಬಂಡೆಯೋ ಮಣ್ಣೋ ಎಂಬುದನ್ನು ಅದು ಅವಲಂಬಿಸಿದೆ. ಹೆಚ್ಚು ಮದ್ದು ತುಂಬಿದರೆ 200 ಮೀಟರ್ ಕೂಡ ಸಾಲದು. ಕುಳಿಗಳನ್ನು ಒಟ್ಟಿಗೆ ಸಿಡಿಸದೆ ಕ್ಷಣಾರ್ಧದ ಅಂತರದಲ್ಲಿ ಒಂದೊಂದಾಗಿ ಸಿಡಿಸಿದರೆ ಅದುರು ತಗ್ಗುತ್ತದೆ. ಯಂತ್ರಗಳ ಕೆಳಗೆ ರಬ್ಬರ್ ಅಥವಾ ಸ್ಪ್ರಿಂಗ್ ಹಾಸು ಕೊಟ್ಟರೂ ತಗ್ಗುತ್ತದೆ. ಅಂದರೆ ಕಸುಬು ನಿಲ್ಲದೆಯೂ ಗೋಡೆ ಉಳಿಯುವ ದಾರಿಗಳಿವೆ. ಕೋರೆಯಲ್ಲಿ ದುಡಿಯುವವರೂ ನಮ್ಮೂರವರೇ ಆದ್ದರಿಂದ ಈ ಮಾತನ್ನು ಒತ್ತಿ ಹೇಳಬೇಕು.

ಇನ್ನೊಂದು ಸತ್ಯವನ್ನೂ ಒಪ್ಪಿಕೊಳ್ಳೋಣ. ಗೋಡೆ ಬಿರಿಯುವ ಮಟ್ಟಕ್ಕಿಂತ ಬಹಳ ಕಡಿಮೆ ಅದುರೂ ಮನುಷ್ಯನಿಗೆ ಗೊತ್ತಾಗುತ್ತದೆ. ಲೋಟ ಅಲುಗಿದ ಮಾತ್ರಕ್ಕೆ ಬಿರುಕು ಕೋರೆಯಿಂದಲೇ ಬಂತೆನ್ನಲಾಗದು. ಬಿಸಿಲಿಗೂ ಮಳೆಗೂ ಅಡಿಪಾಯ ಕುಸಿದಾಗಲೂ ಗೋಡೆ ಬಿರಿಯುತ್ತದೆ. ಹಾಗೆಯೇ, ಅಳೆಯದೆ “ಏನೂ ಆಗಿಲ್ಲ” ಎನ್ನುವ ಕೋರೆಯವರ ಮಾತಿಗೂ ಬೆಲೆಯಿಲ್ಲ. ಅದಕ್ಕೇ ಕೋರೆ ಶುರುವಾಗುವ ಮೊದಲೇ ಮನೆಯ ಗೋಡೆಗಳ ಫೋಟೋ ತೆಗೆದಿಡುವುದು, ಸಿಡಿತದ ದಿನ ಮತ್ತು ಹೊತ್ತನ್ನು ಪುಸ್ತಕದಲ್ಲಿ ಬರೆದಿಡುವುದು, ಮನೆಯ ಬಳಿಯೇ ಅಳತೆ ನಡೆಯಲಿ ಎಂದು ಲಿಖಿತವಾಗಿ ಕೇಳುವುದು ಒಳ್ಳೆಯದು.

ಅರ್ಜಿಯನ್ನು ಯಾವ ಭಾಷೆಯಲ್ಲಿ ಬರೆಯಬೇಕು ಎಂಬ ಅಳುಕು ಬೇಡ. ಕುಂದುಕೊರತೆಯ ಮನವಿಯನ್ನು ದೇಶದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕು ಸಂವಿಧಾನದ 350ನೆಯ ವಿಧಿಯಲ್ಲಿದೆ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆ ಅಲ್ಲಿನ ಕನ್ನಡಿಗರಿಗೆ ಸರಕಾರದೊಡನೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡುವ ಅವಕಾಶ ಕೊಟ್ಟಿದೆ. ಎರಡು ಭಾಷೆ ಬಲ್ಲ ನೀವು ರಾಜ್ಯದ ಭಾಷೆಯ ಒಂದು ಪ್ರತಿಯನ್ನೂ ಜೊತೆಗಿಟ್ಟರೆ ಕಡತ ಬೇಗ ಸರಿಯಬಹುದು. ಕೋರೆಯ ಪರವಾನಗಿಯ ಷರತ್ತುಗಳು ಆ ಇನ್ನೊಂದು ಭಾಷೆಯಲ್ಲಿ ಇರಬಹುದು. ಅವನ್ನು ಓದಿ ನೆರೆಮನೆಯ ಅಜ್ಜಿಗೆ ಕನ್ನಡದಲ್ಲಿ ಹೇಳಬಲ್ಲವರೂ ನೀವೇ.