ಹರಿದ ಬಟ್ಟೆಗೂ ಒಂದು ಚರಿತ್ರೆ

ಕೊಯಮತ್ತೂರು, ತಿರುಪ್ಪೂರು ಎಂದಾಕ್ಷಣ ಎಲ್ಲರಿಗೂ ನೆನಪಾಗುವುದು ಹೊಸ ಬಟ್ಟೆ. ಕೊಯಮತ್ತೂರಿನ ಮೊದಲ ನೂಲಿನ ಗಿರಣಿ 1888ರಲ್ಲಿ ಆರಂಭವಾಯಿತು. ತಿರುಪ್ಪೂರಿನ ಬನಿಯನ್ನುಗಳು ವಿದೇಶಗಳಿಗೂ ಹೋಗುತ್ತವೆ. ಮನೆಯಲ್ಲಿ ಕನ್ನಡವನ್ನಾಡುವ ದೇವಾಂಗ ನೇಕಾರರು ಈ ಸೀಮೆಯಲ್ಲಿ ತಲೆಮಾರುಗಳಿಂದ ಮಗ್ಗ ನಡೆಸಿದ್ದಾರೆ. 2011ರಲ್ಲಿ ಮಹಾನಗರಪಾಲಿಕೆಗೆ ಸೇರಿದ ನಮ್ಮ ಕುರಿಚಿಯೂ ಇದೇ ಬಟ್ಟೆಯ ನಾಡಿನಲ್ಲಿದೆ. ನೇಯ್ದವರ ಚರಿತ್ರೆಯನ್ನು ನಾವು ಅಷ್ಟಿಷ್ಟಾದರೂ ಓದುತ್ತೇವೆ. ಆದರೆ ಹರಿದ ಬಟ್ಟೆಯನ್ನು ಉಳಿಸಿಕೊಂಡ ಕೈಗಳ ಚರಿತ್ರೆಯನ್ನು ಓದಿದ್ದೇವೆಯೇ?

ರಫು ಮಾಡುವುದನ್ನೇ ನೋಡಿ. ಹರಿದ ಜಾಗದಲ್ಲಿ ಮೊದಲು ಉದ್ದಕ್ಕೆ ಎಳೆಗಳನ್ನು ಕೂಡಿಸುತ್ತಾರೆ, ಅದು ಹಾಸು. ಆಮೇಲೆ ಅಡ್ಡ ಎಳೆಯನ್ನು ಒಂದರ ಮೇಲೆ, ಒಂದರ ಕೆಳಗೆ ದಾಟಿಸುತ್ತಾರೆ, ಅದು ಹೊಕ್ಕು. ಅದೇ ಬಟ್ಟೆಯ ಅಂಚಿನ ಮಡಿಕೆಯಿಂದ ಎಳೆ ತೆಗೆದರೆ ಬಣ್ಣವೂ ಹೊಂದುತ್ತದೆ. ಅಂದರೆ ರಫು ಎಂಬುದು ಸೂಜಿಯಿಂದ ಮಾಡುವ ಪುಟ್ಟ ನೇಯ್ಗೆಯೇ.

ರಫುವಿಗೂ ಬಗ್ಗದಷ್ಟು ಹರಿದರೆ ತೇಪೆ. ತೇಪೆಗೂ ನಿಲ್ಲದಿದ್ದರೆ? ಅದಕ್ಕೆ ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಕಂಡುಕೊಂಡ ದಾರಿ ಕೌದಿ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ಎಲ್ಲ ಪದರಗಳನ್ನೂ ಸಣ್ಣ ಸಣ್ಣ ಹೊಲಿಗೆಯಿಂದ ಹಿಡಿದು ನಿಲ್ಲಿಸುತ್ತಾರೆ. ಒಗೆದು ಒಗೆದು ಮೆತ್ತಗಾದ ಹತ್ತಿ ಬಟ್ಟೆ ಎಳೆಗೂಸಿನ ಮೈಗೂ ಹಿತ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಮಹಿಳೆಯರು ಅಂಚಿನಿಂದ ಹೊಲಿಗೆ ಆರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಮಡಚಿದ ಬಟ್ಟೆಯ ಹೂವು ಕೂರಿಸುತ್ತಾರೆ. ಅವರ ಪೂರ್ವಜರು ಆಫ್ರಿಕಾದಿಂದ ಬಂದವರು; ಹಲವರನ್ನು ಗುಲಾಮರನ್ನಾಗಿ ತರಲಾಗಿತ್ತು.

ಸೂಜಿಯ ಕೆಲಸ ಕೀಳೆಂದು ನಮ್ಮ ಹಿರಿಯರು ಎಣಿಸಲಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರರಿದ್ದರು. ಅವರ ಹೆಸರಿನಲ್ಲೇ ಸೂಜಿಯಿದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ದೊಡ್ಡ ದೇಶಗಳಿಗೂ ಸೂಜಿಯ ಬೆಲೆ ತಿಳಿಯಿತು. 1941ರ ಜೂನ್‌ನಲ್ಲಿ ಬ್ರಿಟನ್ನಿನಲ್ಲಿ ಬಟ್ಟೆಗೆ ರೇಷನ್ ಬಂತು. ಇದ್ದ ಬಟ್ಟೆಯನ್ನೇ ಸರಿಮಾಡಿಕೊಂಡು ಉಡಿರೆಂದು 1943ರಲ್ಲಿ ಅಲ್ಲಿನ ಸರ್ಕಾರ ಪುಸ್ತಿಕೆಯನ್ನೇ ಹೊರಡಿಸಿತು. ಭಾರತದಲ್ಲೂ ಅದೇ ವರ್ಷ ಹತ್ತಿ ಬಟ್ಟೆ, ನೂಲಿನ ಮೇಲೆ ನಿಯಂತ್ರಣದ ಆದೇಶ ಬಂತು. ಬ್ರಿಟನ್ನಿನ ಸರ್ಕಾರ ಅಚ್ಚು ಹಾಕಿಸಿ ಕಲಿಸಿದ್ದನ್ನು ನಮ್ಮ ಅಜ್ಜಿಯರು ಓದುಬರಹವಿಲ್ಲದೆ ಕಲಿತಿದ್ದರು!

ಇಂದು 'ತೇಪೆ ಹಚ್ಚುವುದು' ಎಂದರೆ ತಪ್ಪು ಮುಚ್ಚುವುದು ಎಂಬ ಅರ್ಥವೇ ಹೆಚ್ಚು ಬಳಕೆಯಲ್ಲಿದೆ. ಬಟ್ಟೆ ಕಾರ್ಖಾನೆಗೆ ದುಡಿಯಲು ಹೋಗುವವರ ಮನೆಯಲ್ಲೂ ಒಂದು ಗುಂಡಿ ಕಿತ್ತರೆ ಅಂಗಿ ಮೂಲೆ ಸೇರುತ್ತದೆ. ತೇಪೆಯ ಅಂಗಿ ತೊಟ್ಟು ಬಂದ ಮಗುವನ್ನು ಕಂಡು ಉಳಿದವರು ನಗುತ್ತಾರೆ. ಹಾಗೆ ನಗುವ ಮಕ್ಕಳಿಗೆ ಬೈದರೆ ಸಾಲದು, ಶಿಕ್ಷಕರಾದ ನಾವು ಈ ಚರಿತ್ರೆಯನ್ನು ಹೇಳಬೇಕು. ಸೂಜಿ, ದಾರ ಕೊಟ್ಟು ಗಂಡುಮಕ್ಕಳಿಗೂ ಗುಂಡಿ ಹಚ್ಚಲು ಕಲಿಸೋಣ. ಮನೆಯ ಹಿರಿಯರನ್ನು ಕೇಳಿ ಹೊಲಿಗೆಯ ಕನ್ನಡ ಪದಗಳನ್ನು ಬರೆದು ತರಲು ಹೇಳೋಣ. ಗಡಿಯಾಚೆ ಇರುವ ನಮಗೆ ಆ ಪದಗಳೂ ಕಳೆದುಕೊಳ್ಳಬಾರದ ಆಸ್ತಿ.