ತಾಮ್ರದ ಜೇನುಗೂಡು

1888ರ ಆಗಸ್ಟ್‌ನಲ್ಲಿ ಬರ್ತಾ ಬೆಂಜ್ ಗಂಡ ಕಾರ್ಲ್‌ಗೆ ಮೊದಲೇ ತಿಳಿಸದೆ, ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು, ಆತ ಕಟ್ಟಿದ ಮೂರು ಚಕ್ರದ ಮೋಟಾರು ಗಾಡಿಯಲ್ಲಿ ಜರ್ಮನಿಯ ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟರು. ಸುಮಾರು ನೂರು ಕಿಲೋಮೀಟರ್ ದಾರಿ. ಇಂಧನ ಮುಗಿದಾಗ ವೀಸ್ಲೋಖ್‌ನ ಔಷಧದ ಅಂಗಡಿಯಲ್ಲಿ ಕೊಂಡದ್ದನ್ನು ಎಲ್ಲರೂ ನೆನೆಯುತ್ತಾರೆ. ಆದರೆ ಆ ದಿನ ಅವರನ್ನು ಹೆಚ್ಚು ಕಾಡಿದ್ದು ನೀರು. ಗಾಡಿಗೆ ರೇಡಿಯೇಟರ್ ಇರಲಿಲ್ಲ. ಎಂಜಿನ್ನಿನ ಸುತ್ತಲಿನ ನೀರು ಕುದಿದು ಆವಿಯಾಗಿ ಹೋಗುತ್ತಿತ್ತು. ಹೋದಷ್ಟನ್ನು ದಾರಿಯಲ್ಲಿ ಸಿಕ್ಕಲ್ಲಿ ತಂದು ಸುರಿಯಬೇಕಿತ್ತು.

ಎಂಜಿನ್ನಿನಲ್ಲಿ ಉರಿದ ಪೆಟ್ರೋಲಿನ ಶಕ್ತಿಯಲ್ಲಿ ಸರಿಸುಮಾರು ಮೂರನೇ ಒಂದು ಭಾಗ ಈ ನೀರಿಗೇ ಸೇರುತ್ತದೆ. ಹೆಚ್ಚು ವೇಗ ಬೇಕೆಂದರೆ ಹೆಚ್ಚು ಶಾಖವನ್ನು ಹೊರಹಾಕಲೇಬೇಕು. ಹಾಗಾಗಿ ಸ್ಪೋರ್ಟ್ಸ್ ಕಾರಿನ ಚರಿತ್ರೆಯನ್ನು ಎಂಜಿನ್ನಿನ ಕಡೆಯಿಂದ ಹೇಳುವುದಕ್ಕಿಂತ ರೇಡಿಯೇಟರ್ ಕಡೆಯಿಂದ ಹೇಳುವುದೇ ಹೆಚ್ಚು ಪ್ರಾಮಾಣಿಕ.

ಈ ತೊಡಕನ್ನು ಬಿಡಿಸಿದವರು ಡೈಮ್ಲರ್ ಕಂಪನಿಯ ವಿಲ್ಹೆಲ್ಮ್ ಮೈಬಾಖ್. 1900ರ ಕೊನೆಗೆ ಸಿದ್ಧವಾದ 35 ಅಶ್ವಶಕ್ತಿಯ ಮರ್ಸಿಡಿಸ್ ಕಾರಿಗೆ ಅವರು ಜೇನುಗೂಡಿನಂಥ ರೇಡಿಯೇಟರ್ ಮಾಡಿದರು. ಬದಿಯೊಂದಕ್ಕೆ 6 ಮಿಲಿಮೀಟರ್‌ ಇರುವ ಚೌಕದ ಸಣ್ಣ ಕೊಳವೆಗಳು, ಒಟ್ಟು 8,070. ಅವುಗಳ ಒಳಗೆ ಗಾಳಿ, ಹೊರಗಿನ ಸಂದುಗಳಲ್ಲಿ ನೀರು. ಹಿಂದಿನ ಕಾರಿಗೆ 18 ಲೀಟರ್ ನೀರು ಬೇಕಿದ್ದರೆ ಇದಕ್ಕೆ 9 ಲೀಟರ್ ಸಾಕಾಯಿತು. ಭಾರ ಇಳಿಯಿತು. 1901ರ ಮಾರ್ಚ್‌ನಲ್ಲಿ ಫ್ರಾನ್ಸಿನ ನೀಸ್ ಪಂದ್ಯಗಳಲ್ಲಿ ಈ ಕಾರು ಉಳಿದವನ್ನೆಲ್ಲ ಹಿಂದೆ ಹಾಕಿತು, ಅದೂ ಗುಡ್ಡ ಹತ್ತುವ ಸ್ಪರ್ಧೆಯಲ್ಲಿ. ಏರಿನಲ್ಲಿ ಎಂಜಿನ್ ದುಡಿಯುವುದು ಹೆಚ್ಚು, ಎದುರಿನಿಂದ ಬರುವ ಗಾಳಿ ಕಡಿಮೆ. ಖಂಡಾಲಾ ಘಾಟಿಯಲ್ಲಿ ಬಾನೆಟ್ ಎತ್ತಿ, ನೀರಿನ ಡಬ್ಬ ಹಿಡಿದು ನಿಂತ ಅಂಬಾಸಿಡರ್, ಫಿಯೆಟ್‌ಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಲ್ಲಿಂದ ಮುಂದೆ ಕೆಲವು ದಶಕ ರೇಡಿಯೇಟರೇ ಕಾರಿನ ಮುಖ. ರೋಲ್ಸ್ ರಾಯ್ಸ್, ಬೆಂಟ್ಲಿ, ಎಂ.ಜಿ. ಯಾವುದೇ ಇರಲಿ, ದೂರದಿಂದ ಗುರುತು ಹಿಡಿಯುತ್ತಿದ್ದದ್ದು ಅದರಿಂದಲೇ. ಆಮೇಲೆ ಅದು ಜಾಲರಿಯ ಹಿಂದೆ ಅಡಗಿತು, ಮುಚ್ಚಳಕ್ಕೆ ಸ್ಪ್ರಿಂಗ್ ಬಂತು. ಪ್ರೆಷರ್ ಕುಕ್ಕರಿನ ಲೆಕ್ಕವೇ ಇದು: 7 ಪೌಂಡ್ ಒತ್ತಡದಲ್ಲಿ ನೀರು 100ರ ಬದಲು ಸುಮಾರು 111 ಡಿಗ್ರಿಗೆ ಕುದಿಯುತ್ತದೆ. ಬಿಸಿ ಕಾರಿನ ಮುಚ್ಚಳ ತೆಗೆದು ಮುಖ ಸುಟ್ಟುಕೊಳ್ಳುವವರು ಮರೆಯುವುದು ಈ 11 ಡಿಗ್ರಿಯನ್ನು.

1959ರಲ್ಲಿ ಬ್ರಿಟನ್ನಿನಲ್ಲಿ ಟ್ರಯಂಫ್ ಹೆರಾಲ್ಡ್ ಬಂತು. ಇಟಲಿಯ ಜೊವಾನಿ ಮಿಕೆಲೋಟಿ ರೂಪಿಸಿದ ಕಾರು. ಮಡ್‌ಗಾರ್ಡ್ ಸಮೇತ ಇಡೀ ಮುಂಭಾಗ ಮುಂದಕ್ಕೆ ಮಗುಚಿಕೊಳ್ಳುತ್ತಿತ್ತು. ಅದೇ ಕಾರನ್ನು ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ 1961ರಿಂದ ಸ್ಟ್ಯಾಂಡರ್ಡ್ ಹೆರಾಲ್ಡ್ ಹೆಸರಿನಲ್ಲಿ ತಯಾರಿಸಿತು. ಬ್ರಿಟನ್ನಿನಲ್ಲಿ ಇಲ್ಲದ ನಾಲ್ಕು ಬಾಗಿಲಿನ ಹೆರಾಲ್ಡ್ ಕೂಡ ಮುಂದೆ ಇಲ್ಲೇ ಹುಟ್ಟಿತು. ಹೆರಾಲ್ಡಿನ ಚಾಸಿಯನ್ನೇ ಮೋಟು ಮಾಡಿ, ಮಿಕೆಲೋಟಿ ಕೈಯಿಂದಲೇ ಮೈಕಟ್ಟು ಬರೆಸಿ, ಟ್ರಯಂಫ್ 1962ರಲ್ಲಿ ಸ್ಪಿಟ್‌ಫೈರ್ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರನ್ನು ಹೊರತಂದಿತು. 1980ರವರೆಗೆ ಅದು ತಯಾರಾಯಿತು. ಮದರಾಸಿನ ಸಂಸಾರಸ್ಥ ಕಾರಿಗೂ ಈ ಶೋಕಿ ಕಾರಿಗೂ ಹೀಗೆ ರಕ್ತಸಂಬಂಧ.

ಸ್ಪಿಟ್‌ಫೈರ್ ಬಾನೆಟ್ ಮಗುಚಿದರೆ ಎಂಜಿನ್, ರೇಡಿಯೇಟರ್ ಎಲ್ಲ ಬಯಲಾಗುತ್ತವೆ. ಮುಂದಿನ ಟೈರಿನ ಮೇಲೆ ಕುಳಿತೇ ಕೆಲಸ ಮಾಡಬಹುದು, ಅದರ ಮಾಲೀಕರು ಮಾಡುವುದೂ ಹಾಗೆಯೇ. ಆ ಕಾಲ ಅಂಥ ಮಾಲೀಕರದ್ದು. ಜಾನ್ ಹೇನ್ಸ್ ಎಂಬ ವಾಯುಪಡೆಯ ಅಧಿಕಾರಿ ಏಡನ್‌ನಲ್ಲಿದ್ದಾಗ ಸ್ನೇಹಿತನ ಆಸ್ಟಿನ್ ಹೀಲಿ ಸ್ಪ್ರೈಟ್ ಕಾರನ್ನು ಬಿಚ್ಚಿ ಜೋಡಿಸಿದ ಅನುಭವದಿಂದ 1966ರಲ್ಲಿ ಚಿತ್ರಸಹಿತ ಕೈಪಿಡಿ ತಂದರು. ಮನೆಯಲ್ಲೇ ರಿಪೇರಿ ಮಾಡಿಕೊಳ್ಳುವವರಿಗಾಗಿ ಆಮೇಲೆ ಬಂದ ಹೇನ್ಸ್ ಕೈಪಿಡಿಗಳ ಸಾಲಿಗೆ ಅದೇ ಮೊದಲು. ಮೊದಲ ಕಾರೇ ಒಂದು ಸ್ಪೋರ್ಟ್ಸ್ ಕಾರು ಎಂಬುದು ಸುಮ್ಮನೆ ಅಲ್ಲ: ಕಡಿಮೆ ದುಡ್ಡಿನ ಹುಡುಗರು ಕೊಳ್ಳುತ್ತಿದ್ದ ಸೆಕೆಂಡ್ ಹ್ಯಾಂಡ್ ಕಾರುಗಳು ಅವು. ಗ್ಯಾರೇಜಿಗೆ ಕೊಡಲು ಕಾಸಿರಲಿಲ್ಲ.

ರೇಡಿಯೇಟರ್ ಬದಲಿಸುವುದು ಆ ಕೈಪಿಡಿಗಳಲ್ಲಿ ಸುಲಭದ ಕೆಲಸಗಳ ಗುಂಪಿಗೇ ಸೇರುತ್ತದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ನೀರು ಬಸಿ. ಮೇಲಿನ, ಕೆಳಗಿನ ಹೋಸ್ ಪೈಪುಗಳ ಕ್ಲಿಪ್ ಸಡಿಲಿಸು. ಬೋಲ್ಟ್ ಬಿಚ್ಚಿ ನೇರ ಮೇಲಕ್ಕೆತ್ತು. ಅಷ್ಟೇ. ಆದರೆ ವರ್ಷಗಟ್ಟಲೆ ಅಂಟಿಕೊಂಡ ರಬ್ಬರ್ ಪೈಪನ್ನು ಸ್ಕ್ರೂಡ್ರೈವರಿನಿಂದ ಮೀಟಿದರೆ ಹಿತ್ತಾಳೆಯ ತೆಳು ಮೂತಿ ಸೊಟ್ಟಗಾಗುತ್ತದೆ. ಪೈಪನ್ನೇ ಉದ್ದಕ್ಕೆ ಸೀಳಿ ತೆಗೆಯುವುದು ಜಾಣತನ, ಹೊಸ ಪೈಪಿಗೆ ದೊಡ್ಡ ಖರ್ಚಿಲ್ಲ. ಬಸಿದ ಕೂಲಂಟ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ಬಾಣಲೆಯಲ್ಲಿ ತೆರೆದಿಟ್ಟರೆ ಮನೆಯ ನಾಯಿಯ ಪ್ರಾಣಕ್ಕೆ ಸಂಚಕಾರ. ಮರಳಿ ತುಂಬುವಾಗ ಹೀಟರಿನ ವಾಲ್ವ್ ತೆರೆದಿಟ್ಟು ನಿಧಾನವಾಗಿ ಸುರಿಯಬೇಕು, ಇಲ್ಲದಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡು ಹೊಸ ರೇಡಿಯೇಟರ್ ಹಾಕಿಯೂ ಕಾರು ಕುದಿಯುತ್ತದೆ. ಇನ್ನು ಕುದಿಯುವ ಹಳೆಯ ಕಾರುಗಳಲ್ಲಿ ತಪ್ಪು ಯಾವಾಗಲೂ ರೇಡಿಯೇಟರಿನದ್ದಲ್ಲ. ಎಂಜಿನ್ ಬ್ಲಾಕಿನ ತಳದಲ್ಲಿ ಕಟ್ಟಿದ ತುಕ್ಕಿನ ಹೂಳು, ಸುಟ್ಟ ಹೆಡ್ ಗ್ಯಾಸ್ಕೆಟ್ ಕೂಡ ಇದೇ ಲಕ್ಷಣ ತೋರಿಸುತ್ತವೆ.

ಕಷ್ಟ ಇರುವುದು ಬಿಚ್ಚುವುದರಲ್ಲಲ್ಲ, ಅದರ ಜಾಗಕ್ಕೆ ಏನನ್ನು ಹಾಕಬೇಕು ಎಂಬುದರಲ್ಲಿ. ಆ ಕಾಲದ ರೇಡಿಯೇಟರ್ ಅಂದರೆ ಹಿತ್ತಾಳೆಯ ಕೊಳವೆ, ತಾಮ್ರದ ಎಲೆ, ತವರ-ಸೀಸದ ಬೆಸುಗೆ. ಸೋರಿದರೆ ಬೆಸುಗೆ ಹಾಕಬಹುದು. ಕಟ್ಟಿಕೊಂಡರೆ ಮೇಲಿನ ತೊಟ್ಟಿ ಕಳಚಿ ಕೊಳವೆಗಳಲ್ಲಿ ಸಲಾಕೆ ಆಡಿಸಬಹುದು. ಪೂರ್ತಿ ಹಾಳಾದರೆ ಎರಡೂ ತೊಟ್ಟಿ ಉಳಿಸಿಕೊಂಡು ನಡುವಿನ ಗೂಡನ್ನು ಮಾತ್ರ ಹೊಸದಾಗಿ ಕೂರಿಸಬಹುದು. ಪಾತ್ರೆಗೆ ಬೆಸುಗೆ, ಕಲಾಯಿ ಹಾಕುವ ಕೈಗೆ ಈ ವಿದ್ಯೆ ದೂರದ್ದಲ್ಲ. 1970ರ ದಶಕದಿಂದ ಮಾಮೂಲಿ ಕಾರುಗಳಿಗೆ ಅಲ್ಯೂಮಿನಿಯಂ ಗೂಡು, ಪ್ಲಾಸ್ಟಿಕ್ ತೊಟ್ಟಿ ಬಂದವು. ಹಗುರ, ಅಗ್ಗ. ಪ್ಲಾಸ್ಟಿಕ್ ಬಿರುಕು ಬಿಟ್ಟರೆ ಎಸೆಯುವುದೇ ಸಾಮಾನ್ಯ.

ಹಳೆಯ ಸ್ಪೋರ್ಟ್ಸ್ ಕಾರುಗಳಿಗೂ ಈಗ ಪೂರ್ತಿ ಅಲ್ಯೂಮಿನಿಯಂ ರೇಡಿಯೇಟರ್ ಸಿಗುತ್ತದೆ. ಶಾಖ ಸಾಗಿಸುವುದರಲ್ಲಿ ತಾಮ್ರವೇ ಮೇಲು. ಆದರೂ ಅಲ್ಯೂಮಿನಿಯಂನಲ್ಲಿ ಅಗಲವಾದ ಕೊಳವೆ ಮಾಡಬಹುದಾದ್ದರಿಂದ ಒಳ್ಳೆಯ ತಯಾರಿಕೆಯದು ಹಳೆಯದಕ್ಕೆ ಸಮನಾಗಿ, ಕೆಲವೊಮ್ಮೆ ಮೇಲಾಗಿಯೇ ತಣಿಸುತ್ತದೆ. ಬರೀ ನಲ್ಲಿ ನೀರು ತುಂಬಿದರೆ ಮಾತ್ರ ಬೇಗ ಕೊರೆದುಹೋಗುತ್ತದೆ. ಮುಂಬಯಿ, ಚೆನ್ನೈ ಟ್ರಾಫಿಕ್ಕಿನಲ್ಲಿ ದಿನವೂ ಓಡಿಸುವವರು ಅದನ್ನು ಹಾಕಿಸಿಕೊಂಡರೆ ತಪ್ಪಿಲ್ಲ. ವಾರಕ್ಕೊಮ್ಮೆ ಹೊರಗೆ ತೆಗೆಯುವ ಕಾರಿಗೆ, ಬೆಸುಗೆಯವನು ಸಿಗುವ ತನಕ, ಹಳೆಯದನ್ನೇ ಹೊಸ ಗೂಡು ಹಾಕಿಸಿ ಉಳಿಸಿಕೊಳ್ಳುವುದು ಮೇಲು. ಎರಡನೇ ದಾರಿ ಎಷ್ಟು ದಿನ ತೆರೆದಿರುತ್ತದೆ ಎಂಬುದು ಕಾರಿನ ಮಾಲೀಕರ ಕೈಯಲ್ಲಿಲ್ಲ. ಗೂಡು ಕಟ್ಟುವ ಅಂಗಡಿಗೆ ಅವರ ಒಂದು ಕೆಲಸದಿಂದ ಹೊಟ್ಟೆ ತುಂಬುವುದಿಲ್ಲ. ಲಾರಿ, ಟ್ರ್ಯಾಕ್ಟರ್, ಜನರೇಟರುಗಳ ತಾಮ್ರದ ರೇಡಿಯೇಟರ್ ಬರುತ್ತಿರುವಷ್ಟು ದಿನ ಒಲೆ ಉರಿಯುತ್ತದೆ. ಹಾಗಾಗಿ ಹೊಸದನ್ನು ಹಾಕಿದವರೂ ಹಳೆಯದನ್ನು ತೂಕಕ್ಕೆ ಹಾಕದೆ, ತೊಳೆದು ಒಣಗಿಸಿ, ಮೂತಿಗಳಿಗೆ ಬಟ್ಟೆ ತುರುಕಿ, ಅಟ್ಟದ ಮೇಲಿಟ್ಟಿರುತ್ತಾರೆ.